ಹದಿನೇಳನೇ ದಾರಿಯ ಜೋಡಿ ಹೊಂಗೆ

ಭಾನುವಾರ ಬೆಳಿಗ್ಗೆ ಎಂಟೂಕಾಲಿಗೆ ಮಗಳು ವಚನಾ ಕಳಿಸಿದ ಮೆಸೇಜು ನೋಡಿದೆ. ಅವಲಕ್ಕಿ ತಟ್ಟೆ ಪಕ್ಕಕ್ಕಿಟ್ಟೆ.

“ಅಪ್ಪಾ, ಸರ್‌ಪ್ರೈಸ್! ಮುತ್ತತ್ತಿ ಡಾಂಬರು ರಸ್ತೆ ಕ್ಯಾನ್ಸಲ್. ಎಲ್ಲರೂ ನಿಮ್ಮ ಹದಿನೇಳನೇ ದಾರೀಲಿ ಹೋಗ್ತಾ ಇದೀವಿ. ಈಗ ಸಾತನೂರು. ಜೋಡಿ ಹೊಂಗೆ ಹತ್ರ ನಿಂತ್ಕೊಂಡು ಫೋಟೋ ಕಳಿಸ್ತೀವಿ.”

ಜೋಡಿ ಹೊಂಗೆ ಎಂಬ ಮರಗಳು ಆ ಕಾಡಿನಲ್ಲಿ ಇವೆಯೋ ಇಲ್ಲವೋ ದೇವರಿಗೇ ಗೊತ್ತು. ನನ್ನ ಪುಸ್ತಕದಲ್ಲಿ ಅವನ್ನು ನೆಟ್ಟವನು ನಾನು.

ನಾನು ಶಂಭುಲಿಂಗಪ್ಪ, ಬಸವೇಶ್ವರನಗರದವನು. ಮೂವತ್ತೊಂದು ವರ್ಷ ಸರ್ವೇಯರ್ ಆಗಿದ್ದೆ. ಸರಪಳಿ ಹಿಡಿದು ಅಳೆಯದೆ ಒಂದು ಗೆರೆಯನ್ನೂ ಎಳೆದವನಲ್ಲ ಎಂದು ನಾನೇ ನೂರು ಸಲ ಹೇಳಿಕೊಂಡಿದ್ದೇನೆ, ಯಾರೂ ಕೇಳದಿದ್ದರೂ. ನಿವೃತ್ತಿಯಾದ ಮೇಲೆ ಸೈಕಲ್ ಹತ್ತಿದೆ. ಕೆಂಗೇರಿಯಿಂದ ಹೊರಟು ಅರ್ಕಾವತಿ, ಕಾವೇರಿ ಕಣಿವೆಗಳ ಕಡೆ ಹೋಗಿಬರುವ ಹದಿನೇಳು ದಾರಿಗಳನ್ನು ಬರೆದು, ನಮ್ಮ ಸೈಕಲ್ ಬಳಗಕ್ಕೆ ಒಂದು ಕಿರುಪುಸ್ತಕ ಮಾಡಿಕೊಟ್ಟೆ. ಬಳಗದ ಕಟ್ಟಳೆ ಒಂದೇ: ಬರೆದವನು ಆ ದಾರಿಯನ್ನು ಕೊನೆಯ ತನಕ ತುಳಿದಿರಬೇಕು. ಪ್ರತಿ ತಿರುವಿಗೂ ಕಣ್ಣಾರೆ ಕಂಡ ಒಂದು ಗುರುತು ಬರೆಯಬೇಕು. ಮುರಿದ ಮೈಲಿಗಲ್ಲು, ನೀಲಿ ಬಾಗಿಲಿನ ಮನೆ, ಹಾಳು ಬಾವಿ, ಹೀಗೆ. ಮೊದಲನೇ ಪುಟದಲ್ಲಿ ದಪ್ಪಕ್ಷರದಲ್ಲಿ ನಾನೇ ಹಾಕಿಸಿದ್ದೆ: “ಗುರುತು ಸಿಗುವ ತನಕ ಹಿಂದಿರುಗಬೇಡಿ. ಅದು ಬಂದಿಲ್ಲವೆಂದರೆ ನೀವಿನ್ನೂ ತಲುಪಿಲ್ಲ.”

ಎಂಥ ಜಾಣ ನಾನು! ಈಗ ನನ್ನ ಮಗಳು ಎಂಟು ಜನರನ್ನು ಕಟ್ಟಿಕೊಂಡು, ಇಲ್ಲದ ಮರ ಸಿಗುವ ತನಕ ಆನೆ ಕಾಡಿನಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತಾಳೆ. ಅವಳು ಮುಂದಾಳಾಗಿ ಹೊರಟಿರುವುದು ಇದೇ ಮೊದಲ ಸಲ. ಗುರುತು ಸಿಗಲಿಲ್ಲ ಅಂತ ವಾಪಸು ಬರುವವಳಲ್ಲ ಅವಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ.

ಹೋದ ವರ್ಷ ಈ ದಾರಿ ಹಿಡಿದು ನಾನು ಒಬ್ಬನೇ ಸಾತನೂರಿನಾಚೆಯ ಗೊಲ್ಲರದೊಡ್ಡಿಯ ತನಕ ಹೋಗಿದ್ದೆ. ಅಲ್ಲಿ ಪುಟ್ಟಲಕ್ಷ್ಮಿ ಎಂಬಾಕೆಯ ಟೀ ಅಂಗಡಿ. ಅದನ್ನು ದಾಟಿದರೆ ಹೊಳೆಯ ತನಕ ಹತ್ತು ಕಿಲೋಮೀಟರ್ ಹಳೆಯ ಬಂಡಿದಾರಿ, ಎರಡೂ ಕಡೆ ಕಾಡು. ಅರ್ಧ ಕಿಲೋಮೀಟರ್ ಹೋಗಿರಬಹುದು, ದಾರಿಯ ನಡುವೆ ಆನೆ ಲದ್ದಿ ಬಿದ್ದಿತ್ತು. ಇನ್ನೂ ಹಸಿ. ಪಕ್ಕದಲ್ಲಿ ಬಿದಿರು ಮುರಿದ ಸದ್ದು. ಹೆದರಿದೆ, ಸುಳ್ಳೇಕೆ ಹೇಳಲಿ. ಸೈಕಲ್ ತಿರುಗಿಸಿ ಟೀ ಅಂಗಡಿಗೆ ಬಂದು ಎರಡು ಗಂಟೆ ಕೂತು, ಬೆಂಗಳೂರಿಗೆ ವಾಪಸಾದೆ.

ಮನೆಗೆ ಬಂದು ಏನು ಮಾಡಿದೆ ಗೊತ್ತೇ? ಮಿಕ್ಕ ಒಂಬತ್ತೂವರೆ ಕಿಲೋಮೀಟರ್ ದಾರಿಯನ್ನು ಉಪಗ್ರಹದ ಚಿತ್ರ ನೋಡಿ ಬರೆದೆ. ಹಳ್ಳದಂಥ ಒಂದು ಗೆರೆಯ ಪಕ್ಕ ಎರಡು ಕಪ್ಪು ಚುಕ್ಕೆ ಕಂಡವು. “ಹಳ್ಳ ದಾಟಿದ ಮೇಲೆ ಜೋಡಿ ಹೊಂಗೆ. ಅಲ್ಲಿಂದ ಎಡಕ್ಕೆ.” ಅಷ್ಟಕ್ಕೇ ಬಿಡದೆ, ಸೈಕಲ್ ಹೆಗಲ ಮೇಲಿಟ್ಟುಕೊಂಡು ಮಂಡಿಯುದ್ದ ನೀರಿನಲ್ಲಿ ಹಳ್ಳ ದಾಟಿದೆ ಎಂದು ವಚನಾಗೆ ಕಥೆ ಹೊಡೆದೆ. ಮಾರನೆಯ ವಾರವೇ ಅವಳು ಸೈಕಲ್ ಕೊಂಡಳು.

ಈಗ ಫೋನ್ ಮಾಡಿದೆ. ಎತ್ತಲಿಲ್ಲ. ಎತ್ತುವುದೂ ಇಲ್ಲ. ಸೈಕಲ್ ಮೇಲಿರುವಾಗ ಫೋನ್ ಸೈಲೆಂಟ್ ಮಾಡಿ ಬ್ಯಾಗಿಗೆ ಹಾಕಬೇಕು ಎಂದು ಕಾನೂನು ಮಾಡಿದವನೂ ಈ ಮಹಾನುಭಾವನೇ. ಮಂಡಿ ಆಪರೇಷನ್ ಆಗಿ ಮೂರು ವಾರ. ವಾಕರ್ ಹಿಡಿದುಕೊಂಡು ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲ್‌ಗೆ ತಿರುಗಿದೆ. ಬಳಗದ ಗ್ರೂಪಿನಲ್ಲಿ “ಹೋಗಬೇಡಿ” ಎಂದು ಬರೆದೆ. ಯಾಕೆ ಎಂದು ಕೇಳಿದರೆ? ಅಳಿಸಿದೆ. ಮತ್ತೆ ಬರೆದೆ. ಮತ್ತೆ ಅಳಿಸಿದೆ. ಥೂ ನನ್ನ ಜನ್ಮಕ್ಕೆ, ಮಗಳ ಜೀವಕ್ಕಿಂತ ನನ್ನ ಹೆಸರು ಹೆಚ್ಚಾಯಿತಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೂ ಬೆರಳು ಮುಂದಕ್ಕೆ ಹೋಗಲಿಲ್ಲ. ಗಂಟೆ ಒಂಬತ್ತಾಯಿತು.

“ಏನ್ರೀ ಇದು, ಒಂದ್ ಕಡೆ ಕೂತ್ಕೋಬಾರ್ದಾ?” ಹೆಂಡತಿ ಕಮಲಾಕ್ಷಮ್ಮ ಅಡುಗೆಮನೆಯಿಂದ ಬಂದಳು. “ಬಿದ್ದು ಇನ್ನೊಂದ್ ಮಂಡೀನೂ ಮುರ್ಕೊಂಡ್ರೆ ನಾನ್ ಹೊತ್ಕೊಂಡ್ ತಿರುಗ್ಲಾ?”

ಫೋನ್ ಅವಳ ಕೈಗೆ ಕೊಟ್ಟೆ. ಮೆಸೇಜು ಓದಿದಳು. ನನ್ನ ಮುಖ ನೋಡಿದಳು.

“ನೀವು ಆ ದಾರೀಲಿ ಹೋಗಿಲ್ಲ ಅಲ್ವಾ?”

ನಾನು ಬಾಲ್ಕನಿ ಕಡೆ ಮುಖ ತಿರುಗಿಸಿದೆ.

“ಅವತ್ತು ಸೈಕಲ್ ಒರೆಸಿದ್ದು ನಾನು. ಹಳ್ಳ ದಾಟಿದೆ, ಕೆಸರಲ್ಲಿ ಹೂತ್ಕೊಂಡೆ ಅಂತ ಮಗಳ ಮುಂದೆ ಕೊಚ್ಕೋತಾ ಇದ್ರಿ. ಚಕ್ರದಲ್ಲಿ ಒಂದ್ ಚೂರು ಕೆಸರಿರ್ಲಿಲ್ಲ. ಗಂಡಸಿನ ಜಂಬ, ಹಾಳಾಗ್ ಹೋಗ್ಲಿ ಅಂತ ಸುಮ್ಮನಿದ್ದೆ. ಈಗ ನನ್ ಮಗು ಹೋಗ್ತಾ ಇದೆ ಕಣ್ರೀ ಅಲ್ಲಿ. ಮಾಡಿ ಫೋನು!”

“ಅವಳು ಎತ್ತಲ್ಲ ಕಣೇ.”

“ದಾರೀಲಿರೋ ಅಂಗಡಿಯವರ ನಂಬರೆಲ್ಲ ಬರ್ದಿದೀರಲ್ಲ ಆ ಪುಸ್ತಕದಲ್ಲಿ, ಅದ್ಯಾಕೆ? ಪೂಜೆ ಮಾಡಕ್ಕಾ?”

ಹದಿನೇಳನೇ ದಾರಿಯ ಪುಟ ತೆಗೆದು ಪುಟ್ಟಲಕ್ಷ್ಮಿಯ ನಂಬರ್ ಒತ್ತಿದೆ. ಈ ನಂಬರ್ ನನಗೆ ಆಗಲೇ ಹೊಳೆದಿತ್ತು. ಒತ್ತುವ ಧೈರ್ಯ ಇರಲಿಲ್ಲ, ಅಷ್ಟೇ. ಐದನೇ ರಿಂಗಿಗೆ ಆಕೆ ಎತ್ತಿದಳು.

“ಅಮ್ಮಾ, ಸೈಕಲ್‌ನವರು ಬಂದಿದಾರಾ? ಒಂಬತ್ತು ಜನ?”

“ಬಂದವ್ರೆ ಸಾಮಿ. ಟೀ ಕುಡ್ದು ಹೊಂಟವ್ರೆ, ಟೋಪಿ ಹಾಕ್ಕೊಂತಾವ್ರೆ. ನೀವ್ಯಾರು?”

“ಹೋದ ವರ್ಷ ಬಂದಿದ್ದೆ. ಬಿಳಿ ಗಡ್ಡ. ಎರಡು ಗಂಟೆ ನಿಮ್ಮ ಬೆಂಚಿನ ಮೇಲೆ...”

“ಓ, ಆನೆಗೆ ಹೆದರ್ಕೊಂಡು ವಾಪಸ್ ಹೋದ್ರಲ್ಲ, ಅವ್ರಾ?”

“ಹೂಂ, ಅವನೇ. ಅವರಲ್ಲಿ ವಚನಾ ಅನ್ನೋ ಹುಡುಗಿಗೆ ಫೋನ್ ಕೊಡಿ. ಬೇಗ ಕೊಡಮ್ಮಾ.”

ವಚನಾಳ ಧ್ವನಿ ಬಂತು. “ಅಪ್ಪಾ? ಏನಾಯ್ತು? ಅಮ್ಮ ಹುಷಾರಾಗಿದಾರಾ?”

“ವಚನಾ, ಮುಂದೆ ಹೋಗ್ಬೇಡ. ಆ ದಾರೀಲಿ ನಾನು ಹೋಗಿಲ್ಲ.”

“ಅಂದ್ರೆ?”

“ಲದ್ದಿ ನೋಡಿ ಹೆದರಿ ವಾಪಸ್ ಬಂದೆ. ಮಿಕ್ಕಿದ್ದೆಲ್ಲ ಮನೇಲಿ ಕೂತು ಬರ್ದಿದ್ದು.”

ಹಿಂದೆ ಯಾರೋ ಬೆಲ್ ಬಾರಿಸಿ ನಗುತ್ತಿದ್ದರು.

“ಹಳ್ಳ ದಾಟಿದ್ದು?”

“ಇಲ್ಲ ಕಣಮ್ಮ.”

“ಜೋಡಿ ಹೊಂಗೆ?”

“ಅದೂ ಸುಳ್ಳು.”

ಅವಳು ಮೂಗೆಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಧ್ವನಿ ತಗ್ಗಿಸಿ ಅಂದಳು: “ಸರಿ. ನನಗೆ ಹೊಟ್ಟೆನೋವು ಅಂತ ಹೇಳಿ ಎಲ್ಲರನ್ನೂ ವಾಪಸ್ ಕರ್ಕೊಂಡ್ ಬರ್ತೀನಿ. ನಿಮ್ಮ ಹೆಸರು ಬರಲ್ಲ. ಇಡಿ ಫೋನು.”

ನನ್ನ ಸುಳ್ಳು ಮುಚ್ಚುವುದಕ್ಕೆ ನನ್ನ ಮಗಳು ಅಷ್ಟು ಸಲೀಸಾಗಿ ಇನ್ನೊಂದು ಸುಳ್ಳು ಹುಡುಕಿದ್ದಳು.

“ಬೇಡ. ಸ್ಪೀಕರ್‌ಗೆ ಹಾಕು,” ಎಂದೆ.

“ಅಪ್ಪಾ, ಬೇಡ...”

“ಹಾಕು ಅಂದ್ನಲ್ಲ!”

ಹಾಕಿದಳು. ಹೇಳಿದೆ. ಹೆದರಿದ್ದು, ಬರೆದದ್ದು, ಹೆಗಲ ಮೇಲಿನ ಸೈಕಲ್ಲು, ಎಲ್ಲವನ್ನೂ. ಅಲ್ಲಿ ನಗು ನಿಂತಿತ್ತು. ಕಮಲಾಕ್ಷಮ್ಮ ನನ್ನ ಪಕ್ಕ ಬಂದು ವಾಕರ್ ಹಿಡಿದುಕೊಂಡಳು.

ಕೊನೆಗೆ ಕೇಳಿದವನು ಕೊಟ್ರೇಶ್. ಬಳಗಕ್ಕೆ ಸೇರಿದ ದಿನದಿಂದ ನನ್ನ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಹ್ಯಾಂಡಲ್‌ಗೆ ಕಟ್ಟಿಕೊಂಡು ಓಡಾಡುವ ಹುಡುಗ.

“ಅಂಕಲ್, ಹಂಗಾದ್ರೆ ಮಿಕ್ಕ ಹದಿನಾರು?”

“ತುಳಿದಿದ್ದೀನಿ ಕಣಪ್ಪ. ಒಂದೊಂದು ಗೇಣೂ ತುಳಿದಿದ್ದೀನಿ.”

ನಿಜವನ್ನೇ ಹೇಳಿದ್ದೆ. ಅಲ್ಲಿ ಯಾರೂ ಹೂಂ ಅನ್ನಲಿಲ್ಲ.

ವಚನಾ ಸ್ಪೀಕರ್ ತೆಗೆದಳು. ಅವಳ ಧ್ವನಿಯಲ್ಲಿ ಅಳುವೂ ಇತ್ತು, ಸಿಟ್ಟೂ ಇತ್ತು.

“ನಾವು ವಾಪಸ್ ಹೊರಟ್ವಿ. ನಿಮ್ಮ ಮಂಡಿ ಸರಿ ಹೋಗ್ಲಿ. ಹದಿನಾರೂ ದಾರೀನ ಮೊದಲನೇದರಿಂದ ಇನ್ನೊಂದ್ ಸಲ ತುಳೀಬೇಕು ನೀವು. ನಾನು ಹಿಂದೇನೇ ಬಂದು ಒಂದೊಂದ್ ಗುರುತೂ ನೋಡ್ತೀನಿ.”