ನಾಲ್ಕನೇ ಸಾಲಿನ ಉಸಿರು

ಅವಳು ಬಿದ್ದದ್ದು ಮೂರೇ ಮೆಟ್ಟಿಲು. ಬೀಳುವಾಗ ಕೈ ಊರಬಹುದಿತ್ತು, ಊರಲಿಲ್ಲ. ಕೈಯಲ್ಲಿ ಕ್ಲಾರಿನೆಟ್ಟಿನ ಪೆಟ್ಟಿಗೆಯಿತ್ತು. ಅದನ್ನು ಎದೆಗೆ ಅವಚಿಕೊಂಡೇ ಮುಖ ಮುಂದಾಗಿ ಬಿದ್ದಳು. ವಾದ್ಯಕ್ಕೆ ಒಂದು ಗೀರೂ ಆಗಲಿಲ್ಲ. ಕೆಳತುಟಿಗೆ ನಾಲ್ಕು ಹೊಲಿಗೆ ಬಿತ್ತು.

“ವಾದ್ಯ ಒಡೆದ್ರೆ ಇನ್ನೊಂದು ತರಬಹುದು. ತುಟಿ ಎಲ್ಲಿಂದ ತರ್ತೀಯೇ?” ಎಂದಳು ಅಕ್ಕ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು. ಬೈಯುತ್ತಲೇ ತಂಗಿಯ ಗಲ್ಲದ ರಕ್ತ ಒರೆಸುತ್ತಿದ್ದಳು.

ಒಂದು ತಿಂಗಳು ಊದಬಾರದು ಎಂದರು ವೈದ್ಯರು. ಹತ್ತು ದಿನ ಮಾತೂ ಬೇಡ ಎಂದರು.

ಮಾತಿನ ಚಿಂತೆ ಅವಳಿಗಿರಲಿಲ್ಲ. ಚಿಂತೆ ಕುರ್ಚಿಯದು. ವರ್ಷಗಳಿಂದ ಒಂದೇ ಸಂಗೀತ ನಾಟಕ ನಡೆಯುತ್ತಿರುವ ರಂಗಮಂದಿರದಲ್ಲಿ, ವೇದಿಕೆಯ ಮುಂದೆ, ಆಳೆತ್ತರದ ತಗ್ಗಿನಲ್ಲಿ ಹನ್ನೊಂದು ಕುರ್ಚಿಗಳು. ನುಡಿಸುವವರೆಲ್ಲ ಅದನ್ನು ಗುಂಡಿ ಎನ್ನುತ್ತಿದ್ದರು. ಗುಂಡಿಯಲ್ಲಿ ಕ್ಲಾರಿನೆಟ್ಟಿಗೆ ಒಂದೇ ಕುರ್ಚಿ, ಐದು ವರ್ಷದಿಂದ ಅದು ಅವಳದು. ಮೂರು ಆಟ ತಪ್ಪಿದರೆ ಮ್ಯಾನೇಜರು ಬೇರೆಯವರನ್ನು ತರುತ್ತಾನೆ, ಬಂದವರು ಚೆನ್ನಾಗಿ ನುಡಿಸಿದರೆ ಅವರನ್ನೇ ಇಟ್ಟುಕೊಳ್ಳುತ್ತಾನೆ. ಇದು ಅವಳಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಅವಳು ಬಂದದ್ದೇ ಹಾಗೆ.

ಐದು ವರ್ಷದ ಹಿಂದೆ ಆ ಕುರ್ಚಿ ಉದ್ದಣ್ಣ ಎಂದು ಎಲ್ಲರೂ ಕರೆಯುತ್ತಿದ್ದ ಒಬ್ಬರದಾಗಿತ್ತು. ಅವರಿಗೆ ಎದೆಯ ಕಾಯಿಲೆ ಬಂತು. ಎರಡು ವಾರಕ್ಕೆಂದು ಅವಳನ್ನು ಕರೆದರು. ಅವಳು ಎದ್ದು ಹೋಗಲಿಲ್ಲ, ಏಳು ಎಂದು ಯಾರೂ ಹೇಳಲೂ ಇಲ್ಲ. ಒಂದು ಮಧ್ಯಾಹ್ನ ಉದ್ದಣ್ಣ ಗುಂಡಿಯ ಬಾಗಿಲಿಗೆ ಬಂದು ನಿಂತು, “ನನ್ನ ದಿಂಬು ಇಲ್ಲೇ ಉಳೀತು” ಎಂದು, ಕುರ್ಚಿಯ ಮೇಲಿದ್ದ ಹಳೆಯ ಹಸಿರು ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು. ಅವಳು ಅವರನ್ನು ನೋಡಿದ್ದು ಅದೊಂದೇ ಸಲ.

ಅವಳು ಬಿದ್ದ ಮರುದಿನ ಬೆಳಿಗ್ಗೆ ಬೀರು ಮನೆಗೆ ಬಂದ. ಬೀರು ಗುಂಡಿಯ ದೊಡ್ಡ ತಂತಿವಾದ್ಯದವನು. ಆ ವಾದ್ಯವನ್ನು ಬೆನ್ನಿಗೆ ಹಾಕಿಕೊಂಡು ಬಂದರೆ ಬಟ್ಟೆಯ ಬೀರುವೊಂದು ಕಾಲು ಬಂದು ನಡೆದಂತೆ ಕಾಣುತ್ತಿತ್ತು, ಹಾಗಾಗಿ ಆ ಹೆಸರು. ಜೇಬಿನಿಂದ ಮಡಿಸಿದ ಅರ್ಜಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. ವಾದ್ಯಗಾರರ ಸಂಘದ ಸದಸ್ಯತ್ವದ ಅರ್ಜಿ. ಪ್ರತಿ ವರ್ಷ ಅವನು ಅದನ್ನು ಅವಳ ಸ್ವರದ ಹಾಳೆ ಇಡುವ ಸ್ಟ್ಯಾಂಡಿನ ಮೇಲೆ ಇಡುತ್ತಿದ್ದ, ಪ್ರತಿ ವರ್ಷ ಅವಳು ಅದರ ಮೇಲೆ ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ಒದ್ದೆ ರೀಡು ಒಣಗಲು ಇಡುತ್ತಿದ್ದಳು.

“ಇದು ಐದನೇದು. ಇದನ್ನಾದ್ರೂ ಒಣಗಿರೋವಾಗ ಓದು ತಾಯಿ” ಎಂದ.

ಭಾವ ಅಲ್ಲೇ ಕಿಟಕಿಯ ಬಳಿ ಕೂತು ಗಡಿಯಾರ ರಿಪೇರಿ ಮಾಡುತ್ತಿದ್ದರು. ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯದೆಯೇ, “ಸಂಘ ಅಂದ್ರೆ ಏನಪ್ಪಾ? ಇಬ್ರು ಕೂತ್ರೆ ಸಭೆ, ಮೂರನೆಯವನು ಬಂದ್ರೆ ಜಗಳ, ವರ್ಷದ ಕೊನೆಗೆ ಒಂದು ಕ್ಯಾಲೆಂಡರು. ಗಡಿಯಾರದವರ ಸಂಘಕ್ಕೆ ನಾನೂ ಸೇರಿದ್ದೆ. ಸಭೆ ಒಂದು ದಿನಾನೂ ಹೇಳಿದ ಹೊತ್ತಿಗೆ ಶುರುವಾಗ್ಲಿಲ್ಲ” ಎಂದರು.

“ಭಾವಾ, ನಮ್ಮ ಸಂಘ ಬದಲಿ ಕಳಿಸತ್ತೆ” ಎಂದ ಬೀರು.

“ಬದಲಿಯವನು ಬಂದು ಕೂತ್ಕೊಂಡುಬಿಟ್ರೆ?”

ಅವಳೂ ಅದನ್ನೇ ಕೇಳಬೇಕೆಂದಿದ್ದಳು. ಚೀಟಿ ಪುಸ್ತಕ ಎಳೆದುಕೊಂಡು ಬರೆದಳು: “ಈಗ ಸೇರಿದ್ರೆ ತಗೋತಾರಾ?”

ಸಂಘದ ಕಚೇರಿ ಚಪ್ಪಲಿ ಅಂಗಡಿಯೊಂದರ ಮೇಲಿನ ಕೋಣೆ. ಮೆಟ್ಟಿಲಿಗೆಲ್ಲ ಹೊಸ ಚರ್ಮದ ವಾಸನೆ. ಬೀರುವಿನ ಹಿಂದೆ ಅವಳು ಈ ಸಲ ಪಕ್ಕದ ಕಂಬಿ ಹಿಡಿದುಕೊಂಡೇ ಹತ್ತಿದಳು. ಒಳಗೆ ಒಂದು ಮೇಜು, ಎರಡು ಬೆಂಚು. ಗೋಡೆಯ ತುಂಬ ಮೊಳೆಗಳು, ಮೊಳೆಗೊಂದು ಹಿತ್ತಾಳೆಯ ಬಿಲ್ಲೆ, ಬಿಲ್ಲೆಗೊಂದು ನಂಬರು. ನಡುನಡುವೆ ಬರಿ ಮೊಳೆಗಳೂ ಇದ್ದವು. ಕಾರ್ಯದರ್ಶಿ ಒಂದು ಕಾಲಕ್ಕೆ ಪಿಟೀಲು ನುಡಿಸುತ್ತಿದ್ದ ಹೆಂಗಸು. ಈಗ ಕಿವಿಗೆ ಯಂತ್ರ ಹಾಕಿಕೊಂಡಿದ್ದರು.

“ನಿಮಗೆ ಬಾಯಿಲ್ಲ, ನನಗೆ ಕಿವಿಯಿಲ್ಲ. ಒಳ್ಳೆ ಜೋಡಿ. ಬರೀರಿ” ಎಂದರು.

ಅವಳು ಬರೆದಳು: “ಬದಲಿಗೆ ಬಂದವರು ಕುರ್ಚಿ ಬಿಟ್ಟು ಏಳದಿದ್ರೆ?”

ಕಾರ್ಯದರ್ಶಿ ಓದಿ, ಕನ್ನಡಕದ ಮೇಲಿಂದ ಅವಳನ್ನು ನೋಡಿದರು. “ಎಬ್ಬಿಸೋ ಶಕ್ತಿ ನಮಗಿಲ್ಲಮ್ಮಾ. ನಾವೇನು ಪೊಲೀಸರಾ? ಅವರೇ ಏಳಬೇಕು. ಇಲ್ಲೀವರೆಗೆ ಎಲ್ಲಾರೂ ಎದ್ದಿದಾರೆ.”

ಆಮೇಲೆ ಗೋಡೆ ತೋರಿಸಿ ವಿವರಿಸಿದರು. ಬದಲಿಗೆ ಹೋಗುವವರು ಗೈರಾದವರ ಬಿಲ್ಲೆಯನ್ನು ತೆಗೆದುಕೊಂಡು ಹೋಗಿ ಸ್ಟ್ಯಾಂಡಿಗೆ ತೂಗುಹಾಕುತ್ತಾರೆ. ಅದು ತೂಗುತ್ತಿರುವಷ್ಟು ದಿನ ಕುರ್ಚಿಗೆ ಜನ ಇದ್ದಾರೆ ಎಂದು ಅರ್ಥ. ಕೂತವರು ಕುರ್ಚಿಯ ಎತ್ತರ ಬದಲಿಸುವುದಿಲ್ಲ, ಹಾಳೆಯ ಮೇಲಿನ ಗುರುತು ಅಳಿಸುವುದಿಲ್ಲ, ಇರುವ ಗುರುತಿನಂತೆಯೇ ನುಡಿಸುತ್ತಾರೆ. ಸೇರಿದವರು ವರ್ಷಕ್ಕೆ ಮೂರು ಸಲ ಹೀಗೆ ಬೇರೆಯವರ ಕುರ್ಚಿಯಲ್ಲಿ ಕೂತು ಏಳಬೇಕು.

“ಕೂರೋದು ಯಾರಿಗಾದ್ರೂ ಬರತ್ತೆ. ಏಳೋದಕ್ಕೆ ಸಹಿ ಹಾಕಿಸ್ಕೋತೀವಿ.”

ಅವಳಿಗೆ ಬೇರೆ ದಾರಿಯಿರಲಿಲ್ಲ. ಸಹಿ ಹಾಕಿದಳು. ಕಾರ್ಯದರ್ಶಿ ಹೊಸ ಬಿಲ್ಲೆಯೊಂದನ್ನು ಸೀರೆಯ ಸೆರಗಿನಲ್ಲಿ ಒರೆಸಿ, ದಪ್ಪ ಪುಸ್ತಕದಲ್ಲಿ ಬೆರಳಾಡಿಸಿ, “ಕ್ಲಾರಿನೆಟ್ಟು ಈಗ ಬಿಡುವಾಗಿರೋರು ಒಬ್ರೇ. ಉದ್ದಣ್ಣ ಅಂತ. ಮೊದಲು ನಿಮ್ಮ ಮಂದಿರದಲ್ಲೇ ಇದ್ರಂತಲ್ಲ?” ಎಂದರು.

ಅವಳು ಬೀರುವಿನ ಕಡೆ ತಿರುಗಿದಳು. ಬೀರು ಕಿಟಕಿಯಾಚೆ ಏನನ್ನೋ ನೋಡತೊಡಗಿದ.

ಮನೆಯಲ್ಲಿ ಭಾವ ಮೊದಲ ಸಲ ಭೂತಗನ್ನಡಿ ತೆಗೆದರು. “ಯಾರ ಮನೆಗೆ ನುಗ್ಗಿ ಕೂತಿದ್ಯೋ ಅವರ ಕೈಗೇ ಬೀಗದಕೈ ಕೊಟ್ಟು ಬಂದ್ಯಾ? ಭೇಷ್!”

“ನೀವು ಸುಮ್ನಿರಿ” ಎಂದಳು ಅಕ್ಕ. ಆದರೆ ಅವಳ ದನಿಯಲ್ಲೂ ಬಲವಿರಲಿಲ್ಲ.

ಐದು ದಿನ ಅವಳು ಗಂಜಿಯಂಥದ್ದನ್ನು ಚಮಚದಲ್ಲಿ ಕುಡಿದು, ಗೋಡೆ ನೋಡಿಕೊಂಡು ಕೂತಳು. ಉದ್ದಣ್ಣ ಪೂರ್ತಿ ವಾಸಿಯಾಗಿದ್ದಾರೆ, ಉಸಿರು ಈಗ ಆನೆಯದು ಎಂದು ಬೀರು ಸುದ್ದಿ ತಂದ. ಸಮಾಧಾನಕ್ಕೆಂದೇ ತಂದ ಸುದ್ದಿ, ಪಾಪ. ಶನಿವಾರ ಅವಳಿಗೆ ತಡೆಯಲಾಗಲಿಲ್ಲ. ಮಧ್ಯಾಹ್ನದ ಆಟಕ್ಕೆ ಮುಖಕ್ಕೆ ವಸ್ತ್ರ ಸುತ್ತಿಕೊಂಡು ಹೋಗಿ, ಗುಂಡಿ ಕಾಣುವಂಥ ಮೂಲೆಯಲ್ಲಿ ಕೂತಳು.

ಸ್ಟ್ಯಾಂಡಿನ ತುದಿಯಲ್ಲಿ ಬಿಲ್ಲೆ ತೂಗುತ್ತಿತ್ತು. ಉದ್ದಣ್ಣನ ಮೊಣಕಾಲುಗಳು ಎದೆಯ ಹತ್ತಿರ ಬಂದಿದ್ದವು. ಕುರ್ಚಿಯನ್ನು ಅವಳ ಅಳತೆಯಲ್ಲೇ ಬಿಟ್ಟಿದ್ದರು. ಒಂದು ತಿರುಪು ತಿರುಗಿಸಿದ್ದರೆ ಸಾಕಿತ್ತು.

ಅವರು ನುಡಿಸಿದ್ದು ಕೇಳಿ ಅವಳಿಗೆ ಸಂತೋಷವೂ ಆಯಿತು, ಭಯವೂ ಆಯಿತು. ಅವರ ನಾದ ದುಂಡಗಿತ್ತು. ಅವಳದಕ್ಕಿಂತ ಚೆನ್ನಾಗಿತ್ತು. ಇದನ್ನು ಅವಳು ಯಾರ ಮುಂದೂ ಹೇಳಬೇಕಾಗಿರಲಿಲ್ಲ, ತನ್ನ ಮುಂದೆ ಹೇಳಿಕೊಂಡಳು.

ಎರಡನೇ ಅಂಕದಲ್ಲಿ ನಾಯಕಿ ಮನೆ ಬಿಟ್ಟು ಹೊರಡುವ ಹಾಡು ಬಂತು. ಹಾಡಿಗೆ ಮುಂಚೆ ಕ್ಲಾರಿನೆಟ್ಟು ಒಂಟಿಯಾಗಿ ನುಡಿಯಬೇಕು. ಅದರ ಹಾಳೆಯ ನಾಲ್ಕನೇ ಸಾಲಿನ ನಡುವೆ ಉಸಿರು ತೆಗೆಯುವ ಗುರುತೊಂದಿತ್ತು, ಅಲ್ಪವಿರಾಮದ ಹಾಗೆ. ಅವಳು ಬಂದಾಗ ಅದು ಮಾಸಿದ ಪೆನ್ಸಿಲ್ಲಿನದು. ಅಲ್ಲಿ ಉಸಿರು ತೆಗೆಯಲು ಕಾರಣವೇ ಇರಲಿಲ್ಲ, ಸಾಲು ಹರಿಯುತ್ತಲೇ ಇರುತ್ತದೆ. ಆದರೂ ರಚಿಸಿದವರ ಮನಸ್ಸಿನಲ್ಲಿ ಏನೋ ಇದ್ದೀತು ಎಂದು ಅವಳು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಗುರುತು ಮಾಸಿದಾಗಲೆಲ್ಲ ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿದ್ದಳು. ಆ ಬಿಡುವಿನಲ್ಲೇ ನಾಯಕಿ ಸೂಟ್‌ಕೇಸಿನ ಮುಚ್ಚಳ ಹಾಕುವುದು ರೂಢಿಯಾಗಿತ್ತು. ಪತ್ರಿಕೆಯೊಂದು ಆ ಮೌನವನ್ನು ಹೊಗಳಿ ಬರೆದಿತ್ತು.

ಆನೆಯ ಉಸಿರಿನ ಮನುಷ್ಯ ಸಾಲನ್ನು ಒಂದೇ ಬೀಸಿಗೆ ಮುಗಿಸಬಹುದಿತ್ತು. ಅವಳು ಕುರ್ಚಿಯ ಕೈ ಹಿಡಿದುಕೊಂಡಳು. ಕೆಂಪು ಗುರುತಿನ ಹತ್ತಿರ ಉದ್ದಣ್ಣ ನಿಲ್ಲಿಸಿದರು. ಭುಜ ಎತ್ತಿ, ತುಂಬಿದ್ದ ಎದೆಗೆ ಬೇಡದ ಒಂದು ಉಸಿರನ್ನು ತೆಗೆದುಕೊಂಡರು. ಸೂಟ್‌ಕೇಸು ಟಕ್ಕೆಂದು ಮುಚ್ಚಿತು. ಸಾಲು ಮುಂದುವರಿಯಿತು.

ಆಟ ಮುಗಿದ ಮೇಲೆ ಅವಳು ಗುಂಡಿಯ ಬಾಗಿಲಿಗೆ ಹೋದಳು. ಐದು ವರ್ಷದ ಹಿಂದೆ ಅವರು ನಿಂತಿದ್ದ ಕಡೆಯೇ ನಿಂತಳು. ಒಳಗೆ ಮ್ಯಾನೇಜರು ಉದ್ದಣ್ಣನ ಹೆಗಲ ಮೇಲೆ ಕೈ ಹಾಕಿದ್ದ.

“ಸಾರ್, ನೀವೇ ಇದ್ದುಬಿಡಿ. ನಿಮ್ಮ ಜಾಗಾನೇ ಅಲ್ವಾ ಇದು? ಆಕೆಗೆ ನಾನು ಹೇಳ್ಕೋತೀನಿ.”

ಉದ್ದಣ್ಣ ರೀಡು ಒರೆಸುತ್ತ, ಗಲ್ಲದಿಂದ ಬಿಲ್ಲೆಯನ್ನು ತೋರಿಸಿದರು. “ಈ ಕುರ್ಚಿಗೆ ಜನ ಇದಾರಲ್ಲ.”

“ಅಯ್ಯೋ, ಒಂದು ಹಿತ್ತಾಳೆ ಚೂರಿಗೆ ಯಾಕೆ ಸಾರ್ ಅಷ್ಟೊಂದು…”

“ಹಿತ್ತಾಳೇನೇ. ಬೆಳ್ಳಿಯಾಗಿದ್ರೆ ನೀವು ಯಾವಾಗಲೋ ಜೇಬಿಗೆ ಹಾಕ್ಕೋತಿದ್ರಿ” ಎಂದರು ಉದ್ದಣ್ಣ. ಬೀರು ಹಿಂದಿನಿಂದ ಕೆಮ್ಮಿದ ಹಾಗೆ ಮಾಡಿ ನಕ್ಕ. ಮ್ಯಾನೇಜರು ಏನೋ ಗೊಣಗಿಕೊಂಡು ಹೊರಟುಹೋದ.

ತಿರುಗಿದಾಗ ಉದ್ದಣ್ಣನಿಗೆ ಅವಳು ಕಂಡಳು. ವಸ್ತ್ರ ಸುತ್ತಿಕೊಂಡಿದ್ದರೂ ಗುರುತು ಹಿಡಿದರು.

“ಬನ್ನಿ ಬನ್ನಿ. ನಿಮ್ಮನ್ನ ಒಂದು ಕೇಳ್ಬೇಕಿತ್ತು.” ಹಾಳೆ ತಿರುವಿ ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟರು. “ಇಲ್ಲಿ ಯಾಕಮ್ಮಾ ಉಸಿರು ತಗೋತೀರಿ?”

ಅವಳು ಬರೆದಳು: “ಹಾಳೆಯಲ್ಲಿ ಇತ್ತು. ರಚಿಸಿದವರದು ಅಂದ್ಕೊಂಡೆ.”

ಉದ್ದಣ್ಣ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಬೆಂಚಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಅದು ನಂದು ಕಣಮ್ಮಾ! ಕೊನೇ ತಿಂಗಳು ಬರೆದಿದ್ದು. ಆ ಸಾಲು ಮುಗಿಸೋಕೆ ಎದೇಲಿ ಗಾಳಿ ಇರ್ತಿರ್ಲಿಲ್ಲ. ನನಗೇನೋ ಕಾಯಿಲೆ. ನಿಮಗೇನಾಗಿತ್ತು?”

ಅವಳು ಐದು ವರ್ಷ, ವಾರಕ್ಕೆ ಐದು ಆಟ, ಗಟ್ಟಿಯಾಗಿದ್ದ ತನ್ನ ಎದೆಗೆ ಅವರ ಕಾಯಿಲೆಯ ಉಸಿರನ್ನು ತೆಗೆದುಕೊಂಡಿದ್ದಳು. ಈಗ ವಾಸಿಯಾದವರು ಅದನ್ನು ಅವಳದೆಂದು ತಿಳಿದು ಜೋಪಾನ ಮಾಡಿದ್ದರು.

ಕೊನೆಗೆ ಬರೆದಳು: “ವಾಪಸ್ ಬೇಕು ಅನ್ನಿಸ್ಲಿಲ್ವಾ?”

ಉದ್ದಣ್ಣ ಕ್ಲಾರಿನೆಟ್ಟನ್ನು ಬಿಚ್ಚಿ ಒಂದೊಂದೇ ತುಂಡನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು.

“ಅನ್ನಿಸ್ತು. ಮೊದಲನೇ ದಿನ ತುಂಬಾ ಅನ್ನಿಸ್ತು. ಅದಕ್ಕೇ ದಿಂಬು ತರ್ಲಿಲ್ಲ ನೋಡಿ. ಅದನ್ನ ಹಾಕ್ಕೊಂಡು ಕೂತಿದ್ರೆ ಏಳೋದು ಕಷ್ಟ ಆಗ್ತಿತ್ತು.” ಪೆಟ್ಟಿಗೆ ಮುಚ್ಚಿದರು. “ನಿಮ್ಮ ಮೇಲೆ ನನಗೆ ಸಿಟ್ಟಿಲ್ಲಮ್ಮಾ. ಅವತ್ತು ಕುರ್ಚಿ ಖಾಲಿ ಇದೆ ಅಂದ್ರು, ನೀವು ಕೂತ್ರಿ. ಖಾಲಿ ಇಲ್ಲ ಅಂತ ಹೇಳೋಕೆ ನನ್ನ ಕಡೆ ಯಾರೂ ಇರ್ಲಿಲ್ಲ. ಆಮೇಲೆ ಸಂಘ ಸೇರಿದೆ.”

ಹೊಲಿಗೆ ಬಿಚ್ಚಿ, ತುಟಿ ಗಟ್ಟಿಯಾಗಿ, ಅವಳು ತನ್ನ ಕುರ್ಚಿಗೆ ಮರಳಿದಾಗ ಅದು ಬಿಟ್ಟುಹೋದ ಅಳತೆಯಲ್ಲೇ ಇತ್ತು. ನಾಲ್ಕನೇ ಸಾಲಿನಲ್ಲಿ ಅವಳು ಉಸಿರು ತೆಗೆದುಕೊಂಡಳು. ಸೂಟ್‌ಕೇಸು ಮುಚ್ಚಿತು. ಆಟ ಮುಗಿದ ಮೇಲೆ ಬಿಲ್ಲೆಯನ್ನು ತಾನೇ ಕೊಂಡುಹೋಗಿ ಸಂಘದ ಗೋಡೆಯ ಮೊಳೆಗೆ ಹಾಕಿದಳು. ಕಾರ್ಯದರ್ಶಿ ಅವಳ ಕೈಗೆ ಒಂದು ಕ್ಯಾಲೆಂಡರು ಕೊಟ್ಟರು.

“ನಾನು ಹೇಳ್ಲಿಲ್ವಾ?” ಎಂದರು ಭಾವ. ಆದರೆ ಅದನ್ನು ಗೋಡೆಗೆ ತೂಗುಹಾಕಿದವರೂ ಅವರೇ. ವಾರೆಯಾಗಿದೆಯೆಂದು ಎರಡು ಸಲ ಸರಿಮಾಡಿದರು.

ಮುಂದಿನ ತಿಂಗಳು ಅವಳ ಮೊದಲ ಬದಲಿ ಬಂತು. ನಗರದ ಆಚೆ ತುದಿಯ ಮಂದಿರ, ಹೆರಿಗೆಗೆ ಹೋದ ಹುಡುಗಿಯೊಬ್ಬಳ ಕುರ್ಚಿ, ಆರು ವಾರ. ಅವಳ ಮಂದಿರ ಆಗ ಬಣ್ಣ ಬಳಿಯಲು ಮುಚ್ಚಿತ್ತು. ಆ ಜಾಗ ಒಳ್ಳೆಯದು, ವಾದ್ಯವೃಂದ ದೊಡ್ಡದು, ಯಾರಿಗಾದರೂ ಆಸೆ ಹುಟ್ಟುವಂಥದ್ದು ಎಂದು ಬೀರು ಮೊದಲೇ ಹೇಳಿದ್ದ. ಹೊರಡುವ ಹೊತ್ತಿಗೆ ಅಕ್ಕ ಹೊಸದಾಗಿ ಹೊಲಿದ ದಿಂಬೊಂದನ್ನು ಹಿಡಿದು ಬಾಗಿಲಿಗೆ ಬಂದಳು.

“ಆರು ವಾರ ಅಂದ್ರೆ ಸುಮ್ನೇನಾ? ಸೊಂಟ ಹಿಡ್ಕೊಳತ್ತೆ. ತಗೊಂಡು ಹೋಗು.”

“ಬೇಡಕ್ಕಾ. ಅದು ಇಲ್ಲೇ ಇರ್ಲಿ” ಎಂದು ಅವಳು ಪಕ್ಕದ ಕಂಬಿ ಹಿಡಿದು ಮೆಟ್ಟಿಲಿಳಿದಳು.