ಇಪ್ಪತ್ತನಾಲ್ಕು ಗಂಟೆಯ ಕ್ಯಾನ್

ಎಲ್ಲ ಮುಗಿದು, ನೆಂಟರೂ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಆರು ಗಂಟೆಗೆ ಅತ್ತೆ ಬಚ್ಚಲಮನೆಯಿಂದ ನನ್ನನ್ನು ಕೂಗಿದರು. ಬಿದ್ದರೇನೋ ಎಂದು ಓಡಿದೆ. ಬಾಗಿಲನ್ನು ಒಂದಿಷ್ಟೇ ತೆರೆದು, ಪ್ಲಾಸ್ಟಿಕ್ ಮಗ್ಗು ಹಿಡಿದ ಕೈಯನ್ನು ಮಾತ್ರ ಹೊರಗೆ ಚಾಚಿದ್ದರು.

"ಇದನ್ನ ಚೆಲ್ಲೋದಾ, ಇಡೋದಾ?"

ಚೆಲ್ಲಿ ಅಂದೆ. ಬೆಳಗಿನ ಮೊದಲ ಮೂತ್ರವನ್ನು ಚೆಲ್ಲಿ, ಅಲ್ಲಿಂದ ಮಾರನೆಯ ದಿನ ಆರು ಗಂಟೆಯವರೆಗೆ ಬಂದದ್ದನ್ನೆಲ್ಲ ಒಂದು ಹನಿಯೂ ಬಿಡದೆ ಕ್ಯಾನಿಗೆ ಹಾಕಬೇಕು. ಆಸ್ಪತ್ರೆಯ ಚೀಟಿಯಲ್ಲಿ ಹಾಗೇ ಇತ್ತು. ಅತ್ತೆಗೆ ಮನಸ್ಸು ಬರಲಿಲ್ಲ. ರಾತ್ರಿಯೆಲ್ಲ ತಡೆದುಕೊಂಡು ಕೂಡಿಸಿದ್ದು, ಇಂಥದ್ದು ಮತ್ತೆ ಬರುತ್ತದೋ ಇಲ್ಲವೋ ಎಂದು ಗೊಣಗಿದರು. ಕೊನೆಗೆ ನಾನೇ ಅವರ ಕೈಯಿಂದ ಮಗ್ಗು ತೆಗೆದುಕೊಂಡು ಚೆಲ್ಲಿದೆ. ಗಂಡ ಸತ್ತ ಮೇಲೆ ನಾನು ಮಾಡಿದ ಮೊದಲ ಉಪಯೋಗದ ಕೆಲಸ ಅದು.

ನನ್ನ ನಾದಿನಿಯ ಎರಡೂ ಕಿಡ್ನಿ ಕೈಕೊಟ್ಟು ಒಂದೂವರೆ ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದು ಕಿಡ್ನಿ ನಾನು ಕೊಡುತ್ತೇನೆ ಅಂದಿದ್ದವನು ಅವಳ ತಮ್ಮ, ಅಂದರೆ ನನ್ನ ಗಂಡ. ಹದಿನಾರು ದಿನದ ಹಿಂದೆ ಬಸ್ಸಿಳಿದು ರಸ್ತೆ ದಾಟುವಾಗ ಲಾರಿ ಹೊಡೆದು ಅಲ್ಲೇ ಹೋದ. ಆಸ್ಪತ್ರೆ ತಲುಪುವ ಹೊತ್ತಿಗೆ ಯಾರಿಗೂ ಏನನ್ನೂ ಕೊಡುವ ಹಾಗಿರಲಿಲ್ಲ. ಒಂದನ್ನು ಕೊಡಬೇಕಾಗಿದ್ದವನು ಎರಡನ್ನೂ ತೆಗೆದುಕೊಂಡು ಹೋದ.

ನನ್ನ ರಕ್ತದ ಗುಂಪು ಹೊಂದುವುದಿಲ್ಲ. ಉಳಿದವರು ಅತ್ತೆ. ಅವರಿಗೆ ಅರವತ್ತೊಂದು. ಅವರ ರಕ್ತದ ವರದಿ ನೋಡಿದ ಡಾಕ್ಟರು ತಲೆಯನ್ನು ಮೇಲೆ ಕೆಳಗೂ ಆಡಿಸಲಿಲ್ಲ, ಆಚೆ ಈಚೆಗೂ ಆಡಿಸಲಿಲ್ಲ. ಕ್ರಿಯಾಟಿನಿನ್ ಅಂತ ರಕ್ತದಲ್ಲಿ ಒಂದು ಕಸ ಇರುತ್ತದೆ, ದಿನಪೂರ್ತಿಯ ಮೂತ್ರದಲ್ಲಿ ಅದು ಎಷ್ಟು ಹೊರಗೆ ಬಂತು ಎಂದು ನೋಡಿದರೆ ಕಿಡ್ನಿಯ ಯೋಗ್ಯತೆ ಗೊತ್ತಾಗುತ್ತದೆ ಅಂದರು. ನಿಮಿಷಕ್ಕೆ ಎಂಬತ್ತು ಮಿಲಿಲೀಟರಿಗಿಂತ ಹೆಚ್ಚು ರಕ್ತ ತೊಳೆಯುತ್ತಿದ್ದರೆ ಮುಂದುವರಿಯೋಣ, ಇಲ್ಲದಿದ್ದರೆ ಬೇರೆಯವರನ್ನು ಹುಡುಕಿ ಅಂದರು. ಬೇರೆಯವರು ಅಂತ ಯಾರೂ ಇರಲಿಲ್ಲ.

ಕ್ಯಾನ್ ಆಸ್ಪತ್ರೆಯದು. ಐದು ಲೀಟರಿನದು, ಒಳಗಿನದು ಮಸುಕಾಗಿ ಕಾಣುವಂಥದು. ಒಂದು ಮನೆಗೆ ಒಂದೇ ಕೊಡುತ್ತಾರೆ. ಫಲಿತಾಂಶ ಸರಿಯಾಗಿ ಬಂದು, ಮತ್ತೆ ಮಾಡಿಸುವುದು ಬೇಡ ಅಂತಾದ ಮೇಲೆ ತೊಳೆದು ವಾಪಸ್ ಕೊಡಬೇಕು. ನಮ್ಮ ಪಾಲಿನದನ್ನು ನನ್ನ ಗಂಡ ಎರಡು ತಿಂಗಳ ಹಿಂದೆಯೇ ಎರವಲು ತಂದಿದ್ದ. ತಂದವನು ಪರೀಕ್ಷೆ ಮಾತ್ರ ಮಾಡಿಸಲಿಲ್ಲ. ಮೀಟಿಂಗಿನಲ್ಲಿ ಇದನ್ನು ಮೇಜಿನ ಮೇಲಿಡಲಾ, ಕಾಲಿನ ಹತ್ತಿರ ಇಡಲಾ ಎಂದು ಎಲ್ಲರನ್ನೂ ನಗಿಸಿ ಮುಂದೂಡುತ್ತಿದ್ದ. ಬಾಲ್ಕನಿಯ ಗಿಡಗಳಿಗೆ ಅದರಲ್ಲೇ ನೀರು ಹಾಕುತ್ತಿದ್ದ. ಆ ತಮಾಷೆಯ ಹಿಂದೆ ಇದ್ದದ್ದು ಹೆದರಿಕೆ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ನನ್ನ ಓದು ರಸಾಯನಶಾಸ್ತ್ರ, ಕೆಲಸ ಕುಡಿಯುವ ನೀರನ್ನು ಪರೀಕ್ಷಿಸುವ ಲ್ಯಾಬಿನಲ್ಲಿ. ಕ್ಯಾನನ್ನು ಮೂರು ಸಲ ತೊಳೆದು ಬೋರಲು ಹಾಕಿ ಒಣಗಿಸಿದ್ದೆ. ಅದನ್ನು ತಂಪಾದ ಜಾಗದಲ್ಲಿ ಇಡಬೇಕಿತ್ತು. ನಮ್ಮ ಮನೆಯಲ್ಲಿ ತಂಪಾದ ಜಾಗ ಎಂದರೆ ಫ್ರಿಜ್ ಒಂದೇ. ಹಾಲು ಇಡುವ ಕಡೆ ಅದನ್ನಿಡುವುದೇ ಎಂದು ಅತ್ತೆ ಹೌಹಾರಿದರು. ಕೆಳಗಿನ ಖಾನೆ ಖಾಲಿ ಮಾಡಿ, ಕ್ಯಾನಿಗೆ ಹಳೇ ಟವೆಲ್ ಸುತ್ತಿ, ಹಾಲನ್ನು ಮೇಲಕ್ಕೆ ಸಾಗಿಸಿದೆ. ಆದರೂ ಆ ದಿನವೆಲ್ಲ ಅತ್ತೆ ಕುಡಿದದ್ದು ಹಾಲಿಲ್ಲದ ಕಾಫಿ.

ನಾದಿನಿ ನನಗಿಂತ ಏಳು ವರ್ಷ ದೊಡ್ಡವಳಾದರೂ ನಮ್ಮಿಬ್ಬರದು ಹೋಗೇ ಬಾರೇ ಸಲಿಗೆ. ಅವಳು ದಿನಕ್ಕೆ ಮುಕ್ಕಾಲು ಲೀಟರಿಗಿಂತ ಹೆಚ್ಚು ನೀರು ಕುಡಿಯುವಂತಿಲ್ಲ. ಮೂತ್ರ ಬರುವುದು ನಿಂತು ವರ್ಷವಾಗಿತ್ತು. ಹತ್ತು ಗಂಟೆಗೆ ಗೋಡೆ ಹಿಡಿದುಕೊಂಡು ಬಂದು, ಫ್ರಿಜ್ ತೆರೆದು, ಟವೆಲ್ ಸರಿಸಿ, ಒಡವೆ ಅಂಗಡಿಯ ಗಾಜಿನ ಮುಂದೆ ನಿಂತ ಹಾಗೆ ನಿಂತುಬಿಟ್ಟಳು.

"ಏನ್ ಬಣ್ಣ ಅಮ್ಮ ನಿಂದು. ಹೊಟ್ಟೆ ಉರಿಯುತ್ತೆ."

"ಕಣ್ಣು ಹಾಕ್ಬೇಡ ಕಣೇ," ಅಂದರು ಅತ್ತೆ. "ಬಾಗಿಲು ಮುಚ್ಚು, ಬಿಸಿ ಆಗತ್ತೆ."

ಹನ್ನೊಂದಕ್ಕೆ ಅತ್ತೆಯ ವಾರಗಿತ್ತಿ ಬಂದರು. ಸಾವಿನ ದಿನ ಎಲ್ಲೋ ದೂರದಲ್ಲಿದ್ದು ಬರಲಾಗಿರಲಿಲ್ಲ. ಅತ್ತೆಯ ಕೈ ಹಿಡಿದುಕೊಂಡು ಕೂತು ಅತ್ತರು. ಅತ್ತೆ ಉತ್ಸಾಹದಲ್ಲಿ ಬೆಳಗಿನಿಂದ ಒಂದು ಹೂಜಿ ನೀರು ಇಳಿಸಿದ್ದರು. ಹತ್ತು ನಿಮಿಷಕ್ಕೊಮ್ಮೆ ಕೈ ಬಿಡಿಸಿಕೊಂಡು ಎದ್ದು ಹೋಗುವುದು, ಮುಖಕ್ಕೂ ನೀರು ಹಾಕಿಕೊಂಡು ಬಂದು ಕೂರುವುದು. ನಾಲ್ಕನೆಯ ಸಲಕ್ಕೆ ಆ ಚಿಕ್ಕಮ್ಮ ನನ್ನ ಕಿವಿಯಲ್ಲಿ ಹೇಳಿದರು:

"ಪಾಪ, ನಮ್ಮೆದುರಿಗೆ ಅಳಬಾರ್ದು ಅಂತ ಒಳಗೆ ಹೋಗಿ ಅತ್ಕೊಂಡು ಬರ್ತಾಳೆ ನೋಡು."

ಪಕ್ಕದ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ನಾದಿನಿ ದಿಂಬನ್ನು ಬಾಯಿಗೆ ತುರುಕಿಕೊಂಡಿದ್ದಳು. ನಾನು ತುಟಿ ಕಚ್ಚಿ ನೆಲ ನೋಡಿದೆ. ನನ್ನ ಭುಜ ಅಲುಗುವುದನ್ನು ಕಂಡು ಚಿಕ್ಕಮ್ಮ ನನ್ನನ್ನು ಎದೆಗೆ ಎಳೆದುಕೊಂಡು, ಅತ್ತುಬಿಡು ಮಗಳೇ, ಹಗುರಾಗತ್ತೆ ಅಂದರು. ಹದಿನಾರು ದಿನದಲ್ಲಿ ನಾನು ಅತ್ತಿರಲಿಲ್ಲ. ಆಗಲೂ ಅಳಲಿಲ್ಲ. ಅವರ ಭುಜದಲ್ಲಿ ಮುಖ ಹುದುಗಿಸಿ ಉಸಿರು ಕಟ್ಟುವಷ್ಟು ನಕ್ಕೆ. ಕಣ್ಣಲ್ಲಿ ನೀರು ಬಂದದ್ದು ಮಾತ್ರ ನಿಜ. ಅವರ ಬೆನ್ನ ಹಿಂದೆ ಅತ್ತೆ ಐದನೆಯ ಸಲ ಎದ್ದರು.

ಚಿಕ್ಕಮ್ಮ ಹೋದ ಮೇಲೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಓರೆ ಮಾಡಿದರು. ಕೈಯಲ್ಲಿ ಮಗ್ಗು ಇತ್ತು.

"ನಂದು ಅರವತ್ತೊಂದು ವರ್ಷದ ಸರಕು. ನಿಂಗೆ ಇಪ್ಪತ್ತೊಂಬತ್ತು. ಒಂದೇ ಒಂದು ಸಲ ನಿಂದೂ ಸೇರಿಸು. ಯಾರಿಗೆ ಗೊತ್ತಾಗತ್ತೆ?"

ಗೊತ್ತಾಗದೇ ಇರಬಹುದು ಅನ್ನಿಸಿತು. ಒಂದು ಮಗ್ಗು ಸೇರಿದರೆ ಎಪ್ಪತ್ತು ಇದ್ದದ್ದು ಎಂಬತ್ತೈದಾಗುತ್ತದೆ ಎಂದು ಅಲ್ಲೇ ಲೆಕ್ಕ ಹಾಕಿಬಿಟ್ಟೆ, ಕಸುಬಿನ ದೋಷ. ಮಗ್ಗಿನ ಕಡೆ ಒಂದು ಕ್ಷಣ ನೋಡಿದ್ದೂ ಹೌದು.

"ಪಾಸಾಗೋದು ನಂದು ಅತ್ತೆ, ಕೊಯ್ಯೋದು ನಿಮ್ಮನ್ನ," ಅಂದೆ. "ಆಮೇಲೆ ಮಿಕ್ಕ ಒಂದರಲ್ಲಿ ಬದುಕಬೇಕಾದವರೂ ನೀವೇ. ಈ ಮನೆಯಿಂದ ಇನ್ನೊಬ್ಬರನ್ನ ಕಳಿಸೋಕೆ ನನ್ನ ಕೈಲಾಗಲ್ಲ."

ಅತ್ತೆ ಮಗ್ಗನ್ನು ತಿರುಗಿಸುತ್ತ ನಿಂತರು.

"ಅವನನ್ನ ಉಳಿಸೋಕೆ ಯಾರೂ ನನ್ನ ಹತ್ರ ಏನೂ ಕೇಳ್ಲಿಲ್ಲ," ಅಂದರು. "ಇವಳಿಗಾದ್ರೂ ಕೇಳಿದಾರೆ."

ಅವರ ಕೈಯಿಂದ ಮಗ್ಗು ತೆಗೆದು ಅದರ ಜಾಗದಲ್ಲಿಟ್ಟು ಬಂದೆ.

ನಾಲ್ಕು ಗಂಟೆಗೆ ಫ್ರಿಜ್ಜಿನ ಬಾಗಿಲು ಮೆಲ್ಲಗೆ ತೆರೆದು ಮೆಲ್ಲಗೆ ಮುಚ್ಚಿದ ಸದ್ದಾಯಿತು. ಪ್ರತಿ ಸಲವೂ ಕ್ಯಾನಿನ ಮೇಲೆ ಪೆನ್ನಿನಲ್ಲಿ ಮಟ್ಟ ಗುರುತು ಹಾಕಿಡುತ್ತಿದ್ದೆ. ಮೂರು ಗಂಟೆಗೆ ಸಾವಿರದ ಏಳುನೂರು ಮಿಲಿಲೀಟರ್ ಇದ್ದದ್ದು ಈಗ ಎರಡು ಸಾವಿರದ ಇನ್ನೂರು. ನಡುವೆ ಅತ್ತೆ ಬಚ್ಚಲಿಗೇ ಹೋಗಿರಲಿಲ್ಲ. ಕೇಳಿದೆ. ಅತ್ತೆ ಕಿಟಕಿಯ ಕಡೆ ನೋಡುತ್ತ, ನಲ್ಲಿ ನೀರು, ಬೇರೇನೂ ಅಲ್ಲ ಅಂದರು. ಜಾಸ್ತಿ ಇದ್ದರೆ ಒಳ್ಳೆಯದಲ್ಲವೇ, ಡಾಕ್ಟರಿಗೂ ಸಮಾಧಾನ.

ಎರಡು ಲೋಟ ತಂದು ಎರಡಕ್ಕೂ ಒಂದೊಂದು ಚಮಚ ಸಕ್ಕರೆ ಹಾಕಿದೆ. ಒಂದಕ್ಕೆ ಅರ್ಧ ನೀರು, ಇನ್ನೊಂದಕ್ಕೆ ತುಂಬ. ಯಾವುದರಲ್ಲಿ ಸಕ್ಕರೆ ಹೆಚ್ಚು ಎಂದು ಕೇಳಿದೆ. ಎರಡರಲ್ಲೂ ಒಂದೇ ಅಂದರು ಅತ್ತೆ, ಇದೇನು ಮಕ್ಕಳ ಪಾಠ ಎನ್ನುವ ಹಾಗೆ. ಆಸ್ಪತ್ರೆಯವರು ನೋಡುವುದೂ ಒಟ್ಟು ಸಕ್ಕರೆಯನ್ನು, ಅಂದರೆ ಆ ಕಸವನ್ನು, ನೀರನ್ನಲ್ಲ ಅಂದೆ.

ಅತ್ತೆ ಲೋಟಗಳನ್ನು ನೋಡಿದರು, ಫ್ರಿಜ್ಜನ್ನು ನೋಡಿದರು.

"ಹಾಗಾದ್ರೆ ನಾನು ಮಾಡಿದ ಮೋಸದಿಂದ ಏನೂ ಆಗ್ಲಿಲ್ವಾ?"

"ಏನೂ ಆಗಿಲ್ಲ."

"ಥೂ. ಎದೆ ಹೊಡ್ಕೊಂಡಿದ್ದೇ ಬಂತು."

ಆ ಸಕ್ಕರೆ ನೀರು ಯಾರಿಗೂ ಬೇಡವಾದರೆ ಅರ್ಧದ ಲೋಟ ತನಗಿರಲಿ, ಮುಕ್ಕಾಲು ಲೀಟರಿನಲ್ಲಿ ಮುರಿದುಕೊಳ್ಳಿ ಎಂದು ಮಂಚದಿಂದ ನಾದಿನಿ ಕೂಗಿ ಹೇಳಿದಳು. ಮೊದಲು ನಕ್ಕವರು ಅತ್ತೆ. ಆಮೇಲೆ ಅವಳು. ಆಮೇಲೆ ನಾನು, ಈ ಸಲ ಬಾಯಿಬಿಟ್ಟು. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಅತ್ತೆ ಇದ್ದಕ್ಕಿದ್ದಂತೆ ಎದ್ದು ಎರಡೂ ಮೊಣಕಾಲು ಜೋಡಿಸಿ ನಿಂತರು.

"ನಗಿಸ್ಬೇಡ್ರೇ. ಕ್ಯಾನ್ ತಗೊಂಡ್ ಬನ್ನಿ, ಒಂದು ಹನಿ ಹೋದ್ರೂ ನಿಮ್ಮಿಬ್ಬರಿಗೂ ಪಾಪ ಸುತ್ಕೊಳ್ಳತ್ತೆ."

ಹನಿ ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಆರರದ್ದನ್ನೂ ಸೇರಿಸಿ, ಮುಚ್ಚಳ ಬಿಗಿದು, ಅತ್ತೆ ಮತ್ತು ನಾನು ಕ್ಯಾನಿನ ಜೊತೆ ಆಟೋ ಹತ್ತಿದೆವು. ಉಬ್ಬು ಬಂದಾಗಲೆಲ್ಲ ಅತ್ತೆ ಅದನ್ನು ಕೂಸಿನ ಹಾಗೆ ಅವಚಿಕೊಂಡರು. ಸ್ಯಾಂಪಲ್ ಕೌಂಟರಿನ ಹೆಂಗಸು ಅಳತೆ ಬರೆದುಕೊಂಡಳು. ಇದರಲ್ಲಿ ಅರ್ಧ ಲೀಟರ್ ನಲ್ಲಿ ನೀರಿದೆ, ಚೀಟಿಯಲ್ಲಿ ಬರೆದುಕೊಳ್ಳಿ ಅಂದೆ. ಯಾಕೆ ಎಂದು ಅವಳು ಕೇಳಿದ್ದಕ್ಕೆ ಅತ್ತೆ, ಅದಕ್ಕೂ ಬಾಯಾರಿತ್ತು ಅಂದರು. ಅವಳು ಬೇಕಾದಷ್ಟನ್ನು ಒಂದು ಸೀಸೆಗೆ ತುಂಬಿಕೊಂಡು, ಉಳಿದದ್ದನ್ನು ಚೆಲ್ಲಿ, ಖಾಲಿ ಕ್ಯಾನನ್ನು ನನಗೇ ಕೊಟ್ಟಳು. ಅಲ್ಲೇ ಅತ್ತೆಯ ರಕ್ತವನ್ನೂ ತೆಗೆದರು. ಆಮೇಲೆ ಕಾಯುವುದು. ಅತ್ತೆ ಬೆಂಚಿನ ಮೇಲೆ ಕೂತಿದ್ದರು. ಎರಡು ಸಲ ಎದ್ದು, ಎರಡು ಸಲವೂ ಕ್ಯಾನಿನ ಕಡೆ ನೋಡಿ ಮತ್ತೆ ಕೂತರು. ಇನ್ನು ಸುಮ್ಮನೆ ಹೋಗಿ ಬರಬಹುದು ಎಂದು ನಾನೇ ನೆನಪಿಸಬೇಕಾಯಿತು.

ಹನ್ನೆರಡೂವರೆಗೆ ಡಾಕ್ಟರು ಒಳಗೆ ಕರೆದರು. ಎಂಬತ್ತಾರು.

ನೀರಿನ ವಿಷಯ ಓದಿ ಡಾಕ್ಟರು ನಕ್ಕು, ಅದರಿಂದ ತೊಂದರೆಯಿಲ್ಲ ಅಂದರು. ಸ್ಕ್ಯಾನು, ಹೃದಯದ ಪರೀಕ್ಷೆ ಇನ್ನೂ ಇವೆ, ಆದರೆ ಅವರಿಗೆ ಅನುಮಾನ ಇದ್ದದ್ದು ಇದೊಂದರದ್ದೇ.

"ಇವರ ತೂಕಕ್ಕೆ ಕ್ರಿಯಾಟಿನಿನ್ ಎಷ್ಟು ಬರಬೇಕೋ ಅಷ್ಟೇ ಬಂದಿದೆ," ಅಂದರು. "ಅದನ್ನೂ ನೋಡ್ತೀವಿ. ಅಳತೆ ಮೀರಿ ಬಂದಿದ್ರೆ ಬೇರೆಯವರದ್ದೂ ಸೇರಿದೆ ಅಂತ ಇಡೀ ಕೇಸನ್ನೇ ಬದಿಗಿಡ್ತಿದ್ವಿ."

ಅತ್ತೆ ಛಾವಣಿಯನ್ನು ಬಹಳ ಹೊತ್ತು ನೋಡಿದರು. ಹೊರಗೆ ಬಂದ ಮೇಲೆ ನನ್ನ ತೋಳು ಚಿವುಟಿ, ಮಗಳಿಗೆ ಫೋನ್ ಮಾಡಲು ಕಾರಿಡಾರಿನ ತುದಿಗೆ ಹೆಚ್ಚುಕಡಿಮೆ ಓಡಿದರು. ಎಂಬತ್ತಾರು ಎಂದು ಅವರು ಕೂಗಿದ್ದು ಕಾರಿಡಾರಿನ ಎಲ್ಲ ರೋಗಿಗಳಿಗೂ ಕೇಳಿಸಿತು.

ನಾನು ನಲ್ಲಿಯಲ್ಲಿ ಕ್ಯಾನನ್ನು ತೊಳೆದು ಕೌಂಟರಿಗೆ ಹೋದೆ. ಹೆಂಗಸು ರಿಜಿಸ್ಟರಿನಲ್ಲಿ ಬೆರಳಾಡಿಸಿ ಸಾಲನ್ನು ಹುಡುಕಿದಳು. ಅವನ ಸಹಿ, ಆತುರದ್ದು.

"ಓ, ಇವರದ್ದಾ," ಅಂದಳು. "ಅಕ್ಕನ್ನ ಕರ್ಕೊಂಡು ಬಂದಾಗೆಲ್ಲ ಸೋಮವಾರ ಖಂಡಿತ ಅಂತಿದ್ರು. ಯಾವ ಸೋಮವಾರ ಅಂತ ಹೇಳ್ತಿರ್ಲಿಲ್ಲ. ಅವರೇ ಬರ್ಲಿಲ್ವಾ?"

"ತೀರ್ಕೊಂಡ್ರು. ಇವತ್ತಿಗೆ ಹದಿನೇಳು ದಿನ."

ಅವಳ ಪೆನ್ನು ನಿಂತಿತು. ರಿಜಿಸ್ಟರನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದಳು. ಕೊನೆಯ ಕಾಲಮ್ಮಿನಲ್ಲಿ ತಡವಾದ ಕಾರಣ ಬರೆಯಬೇಕಿತ್ತು. ಅದನ್ನು ಖಾಲಿ ಬಿಡಿ, ಯಾರೂ ಕೇಳಲ್ಲ ಅಂದಳು.

ನಾನು ಬಿಡಲಿಲ್ಲ. ಬಿಡುವಿರಲಿಲ್ಲ ಎಂದು ಬರೆದೆ. ಕೆಳಗೆ ನನ್ನ ಸಹಿ ಹಾಕಿ, ಕ್ಯಾನನ್ನು ಕಿಂಡಿಯ ಒಳಕ್ಕೆ ತಳ್ಳಿದೆ.