ಪೆಟ್ಟಿಗೆಯೊಳಗಿನ ಫೋನು

ಮಾರ್ಗಿಲಾನ್ ಊರಿನ ಆ ಓಣಿಯಲ್ಲಿ ತಂತಿಯಿಲ್ಲದ ಫೋನು ಮೊದಲು ಬಂದದ್ದು ಓಯ್ಸುಲುವ್ ಮನೆಗೆ. ಬಂದದ್ದೇ ತಡ, ಅದಕ್ಕೆ ಬೀಗ ಬಿತ್ತು.

ಫೋನಿಗೆ ಎರಡು ಭಾಗ. ಕೈಯಲ್ಲಿ ಹಿಡಿದು ಓಡಾಡುವುದೊಂದು, ಗೋಡೆಯ ತಂತಿಗೆ ಅಂಟಿಕೊಂಡು ಅದಕ್ಕೆ ದನಿ ಕಳಿಸುವ ಪೀಠವೊಂದು. ಪೀಠದ ಮೇಲೂ ಅಂಕಿಗಳಿದ್ದವು, ಸ್ಪೀಕರ್ ಇತ್ತು. ಅಂದರೆ ಸೊಸೆ ಜುಲ್ಹುಮೋರ್ ಕೂಡ ಅದರಲ್ಲಿ ಮಾತಾಡಿಬಿಡಬಹುದು! ಇದು ಹೊಳೆದ ಕೂಡಲೇ ಓಯ್ಸುಲುವ್ ಪೀಠವನ್ನು ತಗಡು ಹೊದಿಸಿದ ದೊಡ್ಡ ಪೆಟ್ಟಿಗೆಯೊಳಗೆ ಇಡಿಸಿದಳು. ತಂತಿಗೆಂದು ಹಿಂದೆ ತೂತು ಕೊರೆಸಿ, ಮುಚ್ಚಳದ ಮೇಲೆ ರಜಾಯಿಗಳನ್ನು ಸೂರಿನತನಕ ಒಟ್ಟಿಸಿ, ಕೀಲಿಯನ್ನು ಜಡೆಯ ತುದಿಗೆ ಕಟ್ಟಿಕೊಂಡಳು. ಪೆಟ್ಟಿಗೆ ಸೊಸೆಯ ತವರಿನಿಂದಲೇ ಬಂದದ್ದು. ಅದನ್ನು ಕೇಳುವವರು ಯಾರು?

ತವರೂರು ಕೊಕಂದಿನಲ್ಲಿ ಜುಲ್ಹುಮೋರಳ ತಾಯಿಯ ಕಣ್ಣಿನ ಪೊರೆ ತೆಗೆದಿದ್ದರು. ಪಟ್ಟಿ ಬಿಚ್ಚಿದ ಮೇಲೆ ಕಾಣಿಸಿತೋ ಇಲ್ಲವೋ ಎಂದು ಮಗಳ ಜೀವ ಒದ್ದಾಡುತ್ತಿತ್ತು.

"ಒಂದೇ ಒಂದ್ ಸಲ ಮಾತಾಡ್ತೀನಿ ಅತ್ತೆ."

"ಕೆಟ್ಟ ಸುದ್ದಿ ಇದ್ರೆ ಅವರೇ ಮಾಡ್ತಾರಲ್ಲ? ಮಾಡಿಲ್ಲ ಅಂದ್ರೆ ಚೆನ್ನಾಗಿದಾರೆ ಅಂತ. ಹೋಗು, ಹಿಟ್ಟು ನಾದು."

ಅವರು ಮಾಡಿದರೂ ಕೇಳಿಸುವಂತಿರಲಿಲ್ಲ. ಮುನ್ನೂರು ಮೀಟರ್ ದೂರದವರೆಗೂ ಕೇಳಿಸುತ್ತದೆ ಎಂದು ಡಬ್ಬದ ಮೇಲೆ ಬರೆದಿದ್ದ ಫೋನು ಅಂಗಳಕ್ಕೆ ಬರುವಷ್ಟರಲ್ಲಿ ಗೊರಗೊರ ಎನ್ನುತ್ತಿತ್ತು.

"ಅಂಗಡಿಯೋನು ಟೋಪಿ ಹಾಕ್ದ!" ಎಂದು ಓಯ್ಸುಲುವ್ ಉರಿದುಬಿದ್ದಳು.

"ತಗಡು ದನೀನ ತಡೆಯುತ್ತೆ ಅತ್ತೆ. ಎತ್ತರದಲ್ಲಿಡ್ಬೇಕು, ಟಿವಿಯಿಂದ ದೂರ. ಫೋನಿನ್ ಜೊತೆ ಬಂದ ಪುಸ್ತಕದಲ್ಲಿ ಬರ್ದಿದೆ."

"ಆಹಾ, ಓದಿದ್ದು ಇವಳೊಬ್ಬಳೇ ನೋಡು!"

ಆದರೆ ಗುರುವಾರ ಮೂರು ಮನೆಯಾಚೆ ಸಲ್ತಾನತ್ ಮನೆಯಲ್ಲಿ ಹೆಂಗಸರ ಕೂಟವಿತ್ತು. ಅಷ್ಟು ಜನರ ನಡುವೆ ತನ್ನ ಸೆರಗಿನೊಳಗೆ ಫೋನು ರಿಂಗಾಗಬೇಕು, ತಾನು ತಾಷ್ಕೆಂಟಿನ ಯಾರೋ ದೊಡ್ಡವರ ಜೊತೆ ಮಾತಾಡಬೇಕು ಎಂಬ ಆಸೆ ಓಯ್ಸುಲುವ್‌ಗೆ ತಲೆಗೇರಿತು. ಪೀಠದಲ್ಲಿ ಕೈಫೋನನ್ನು ಕೂಗಿ ಕರೆಯುವ ಗುಂಡಿಯೊಂದಿತ್ತಲ್ಲ! ಆದರೆ ಮುಚ್ಚಳ ತೆರೆಯದೆ ದನಿ ಅಲ್ಲಿಗೆ ಮುಟ್ಟದು. ಹಲ್ಲು ಕಚ್ಚಿಕೊಂಡು ಜಡೆಯಿಂದ ಕೀಲಿ ಬಿಚ್ಚಿ ಸೊಸೆಯ ಕೈಗಿಟ್ಟಳು.

"ಪಲಾವ್ ಬಡಿಸೋ ಹೊತ್ತಿಗೆ ಒತ್ತು. ಬೇರೇನನ್ನೂ ಮುಟ್ಬೇಡ!"

"ಮಾತಾಡೋಕೆ ಹಸಿರು ಗುಂಡಿ ಅತ್ತೆ, ದೊಡ್ಡದಲ್ಲ" ಎಂದಳು ಸೊಸೆ. ಓಯ್ಸುಲುವ್ ಆಗಲೇ ಬಾಗಿಲು ದಾಟಿದ್ದಳು. ಅವಳು ಎಲ್ಲದರಲ್ಲೂ ದೊಡ್ಡದನ್ನೇ ನಂಬುವವಳು.

ಜುಲ್ಹುಮೋರ್ ರಜಾಯಿ ಇಳಿಸಿದಳು, ಮುಚ್ಚಳ ತೆಗೆದಳು, ಮೊದಲು ಕೊಕಂದಿಗೆ ಅಂಕಿ ಒತ್ತಿದಳು.

"ಅಮ್ಮಾ, ಕಣ್ಣು?"

"ಕಾಣ್ತಿದೆ ಕಣೇ! ಕಿಟಕಿಯಾಚೆ ದಾಳಿಂಬೆ ಹೂ ಕಾಣ್ತಿದೆ. ಪಕ್ಕದ ಮನೆಯೋಳಿಗೆ ಇಷ್ಟು ಸುಕ್ಕು ಬಂದಿದೆ ಅಂತ ಗೊತ್ತೇ ಇರ್ಲಿಲ್ಲ!"

ಜುಲ್ಹುಮೋರ್ ನಕ್ಕಳು, ಅತ್ತಳು, ಬೀಗದ ಕಥೆ ಹೇಳಿದಳು, ಪೆಟ್ಟಿಗೆಯೊಳಗೇ ತಲೆಯಿಟ್ಟು ಅತ್ತಳು. ಆಮೇಲೆ ಅತ್ತೆಯ ನೆನಪಾಯಿತು. ಗಾಬರಿಯಲ್ಲಿ ತಾಯಿಯ ಕರೆ ಕಡಿಯದೆಯೇ ಕರೆಯುವ ಗುಂಡಿ ಒತ್ತಿದಳು.

ಸ್ಪೀಕರಿನಲ್ಲಿ ಕ್ಲಿಕ್ ಎಂದಿತು, ಮೂವರೂ ಒಂದೇ ಕರೆಯಲ್ಲಿ ಸೇರಿಕೊಂಡರು. ತಟ್ಟೆಗಳ ಸದ್ದು, ಹೆಂಗಸರ ಗದ್ದಲ. ನಡುವೆ ಅತ್ತೆಯ ಠೇಂಕಾರ: "ಹಾಂ, ಹೇಳಿ ಹೇಳಿ! ತಾಷ್ಕೆಂಟಿಂದ ತಾನೇ?"

"ತಾಷ್ಕೆಂಟೂ ಇಲ್ಲ ಗೀಷ್ಕೆಂಟೂ ಇಲ್ಲ, ಕೊಕಂದು! ಯಾರ್ ನೀವು?" ಎಂದಳು ತಾಯಿ. ಆ ಕಡೆ ಹೆಂಗಸರೆಲ್ಲ ಗೊಳ್ಳೆಂದರು. ಅತ್ತೆ ದೊಡ್ಡ ಗುಂಡಿಯನ್ನೇ, ಎಲ್ಲರಿಗೂ ಕೇಳಿಸುವ ಸ್ಪೀಕರಿನದನ್ನೇ, ಒತ್ತಿದ್ದಳು. ತಾಯಿ ಬಿಡಲಿಲ್ಲ: "ಜುಲ್ಹುಮೋರ್, ನಿಮ್ಮತ್ತೆ ಫೋನಿಗೆ ಬೀಗ ಹಾಕಿದಾರೆ ಅಂದ್ಯಲ್ಲ..."

ಕೂಟದ ಕಿವಿಗಳೆಲ್ಲ ನೆಟ್ಟಗಾದವು. ಸೇಡು ತೀರಿಸಿಕೊಳ್ಳಲು ಜುಲ್ಹುಮೋರಳಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ.

"ಬೀಗಾನಾ? ಏನಮ್ಮಾ ನೀನು!" ಎಂದಳು ದನಿ ಎತ್ತರಿಸಿ. "ಅತ್ತೆ ಬಂಗಾರದಂಥೋರು. ನಿಮ್ಮಮ್ಮನ ಹತ್ರ ದಿನಾ ಮಾತಾಡು ಅಂತ ಕೀಲಿ ನಂಗೇ ಕೊಟ್ಬಿಟ್ಟಿದಾರೆ."

"ಅಯ್ಯೋ ಪುಣ್ಯಾತ್ಗಿತ್ತಿ! ಎಂಥ ಮನಸ್ಸು ನಿಂದು ಓಯ್ಸುಲುವ್!" ಎಂಬ ಉದ್ಗಾರಗಳು ಸ್ಪೀಕರಿನಲ್ಲಿ ಒಂದರ ಮೇಲೊಂದು ಬಿದ್ದವು.

ಸಂಜೆ ಓಯ್ಸುಲುವ್ ಮುಖ ಊದಿಸಿಕೊಂಡು ಬಂದವಳೇ ಕೀಲಿಗೆ ಕೈ ಚಾಚಿದಳು. ಅಷ್ಟರಲ್ಲಿ ಬಾಗಿಲಲ್ಲಿ ಸಲ್ತಾನತ್! ಬಂಗಾರದಂಥ ಅತ್ತೆಯ ಮನೆ ನೋಡಲು ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಬಂದಿದ್ದಳು. ಚಾಚಿದ ಕೈ ಗಾಳಿಯಲ್ಲಿ ತಡವರಿಸಿ, ಕೊನೆಗೆ ಸೊಸೆಯ ತಲೆ ಸವರಿತು.

"ಫೋನ್‌ನ ಎತ್ತರದಲ್ಲಿಡೇ" ಎಂದಳು ಓಯ್ಸುಲುವ್, ಎಲ್ಲರಿಗೂ ಕೇಳುವಂತೆ. "ಟಿವಿಯಿಂದ ದೂರ. ನಿಂಗೆಷ್ಟ್ ಸಲ ಹೇಳೋದು?"

ಜುಲ್ಹುಮೋರ್ ಕೀಲಿಯನ್ನು ತನ್ನ ಜಡೆಗೆ ಕಟ್ಟಿಕೊಂಡಳು. ಪೀಠವನ್ನು ಗೋಡೆಯ ಎತ್ತರದ ಗೂಡಿನಲ್ಲಿಟ್ಟು ಎಲ್ಲರೆದುರೇ ಕೊಕಂದಿಗೆ ಅಂಕಿ ಒತ್ತಿದಳು.

"ಅಮ್ಮಾ, ಆಗ ಅರ್ಧಕ್ಕೇ ನಿಂತೋಯ್ತು. ಇನ್ನೂ ಏನೇನ್ ಕಾಣ್ತಿದೆ, ಹೇಳು."